ಮಾದರಿ ಮಿದುಳಿನ ಸೆಳವಿಗೆ ಪಲ್ಸ್ ಕೊಡುವಾಗ

ಕಂಪ್ಯೂಟರ್ ಮಾದರಿಯಲ್ಲಿ ಅಪಸ್ಮಾರದ ಸೆಳವನ್ನು ವಿದ್ಯುತ್ ಪಲ್ಸ್ ಕೊಟ್ಟು ನಿಲ್ಲಿಸಲು ನೋಡುತ್ತೇನೆ. ಆದರೆ ಸೆಳವು ನಿಂತಿತು ಅಂದಮಾತ್ರಕ್ಕೆ ಅದನ್ನು ಪಲ್ಸೇ ನಿಲ್ಲಿಸಿತು ಎನ್ನುವಂತಿಲ್ಲ. ನಾನು ಬಳಸುವುದು ವಿಕ್ಟರ್ ಜಿರ್ಸಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಎಪಿಲೆಪ್ಟರ್, ಅಂದರೆ ಸೆಳವು ಶುರುವಾಗಿ ಮುಗಿಯುವುದನ್ನು ಕೆಲವೇ ಸಮೀಕರಣಗಳಲ್ಲಿ ತೋರಿಸುವ ಮಾದರಿ. ಅದರ ನಿಧಾನ ಚರ ಝಡ್ ಸೆಳವಿನುದ್ದಕ್ಕೂ ಏರುತ್ತ ಹೋಗಿ, ಯಾರೂ ಮುಟ್ಟದಿದ್ದರೂ ಕೊನೆಗೆ ಸೆಳವನ್ನು ಮುಗಿಸುತ್ತದೆ. ಹಾಗಾಗಿ ಪ್ರತಿ ಓಟಕ್ಕೂ ಪಲ್ಸಿಲ್ಲದ ಜೋಡಿ ಓಟ ಬೇಕು, ಎರಡಕ್ಕೂ ಅದೇ ನಾಯ್ಸ್ (ಯಾದೃಚ್ಛಿಕ ಏರುಪೇರು). ರಾಂಡಮ್ ಸಂಖ್ಯೆಗಳ ಸಾಲು ಶುರುವಾಗುವ ಸೀಡ್ ಒಂದೇ ಇಟ್ಟರೆ ಸಾಲದು: ಪಲ್ಸ್ ಕೋಡ್ ನಡುವೆ ಒಂದೇ ಒಂದು ರಾಂಡಮ್ ಸಂಖ್ಯೆ ಎಳೆದುಕೊಂಡರೂ ಮುಂದಿನದೆಲ್ಲ ಪಲ್ಲಟ. ನಾಯ್ಸ್ ಅರೇಯನ್ನೇ ಮೊದಲು ಮಾಡಿಟ್ಟುಕೊಳ್ಳುತ್ತೇನೆ.

ಪೈಥಾನ್‌ನ ಗಣಿತ ಲೈಬ್ರರಿ ನಮ್‌ಪೈಯಲ್ಲಿ 6 ನೋಡ್‌ಗಳ ಉಂಗುರ, ಒಂದೊಂದು ನೋಡ್ ಮಿದುಳಿನ ಒಂದು ಭಾಗ. ಸೆಳವಿನತ್ತ ಒಲವು ಎಷ್ಟೆಂದು ಹೇಳುವುದು ಎಕ್ಸ್0: ಸೆಳವಿನ ಮೂಲವಾದ ಒಂದು ನೋಡಿನಲ್ಲಿ ಅದರ ಬೆಲೆ -1.6, ಉಳಿದವುಗಳಲ್ಲಿ -2.2. ತಾನಾಗಿಯೇ ಸೆಳವು ಬರುವ ಗಡಿ -2.06ರ ಹತ್ತಿರ. ಝಡ್‌ನ ನಿಧಾನಗತಿಯನ್ನು ತೀರ್ಮಾನಿಸುವ ಟೌ0 2857, ಸ್ಥಿರ ಒಳಹರಿವು ಐ1 3.1. ಕಾಲದ ಹೆಜ್ಜೆ 0.05, ಸಮೀಕರಣ ಬಿಡಿಸಲು ಹ್ಯೂನ್ ವಿಧಾನ. 20,000 ಏಕಮಾನದ ಓಟಕ್ಕೆ 4 ಲಕ್ಷ ಹೆಜ್ಜೆ. ನೋಡ್‌ಗಳ ನಂಟು ಝಡ್ ಸಮೀಕರಣದಲ್ಲಿ. ಪಕ್ಕದ ನೋಡ್ ತುಸು ತಡವಾಗಿ ಸೆಳವಿಗೆ ಸೇರುವವರೆಗೆ ಅದರ ಬಲ ಏರಿಸುತ್ತೇನೆ. ಪಲ್ಸ್ ಹೋಗುವುದು ವೇಗದ ಚರ ಎಕ್ಸ್1ಕ್ಕೆ.

ತೊಡಕು ಇರುವುದು ಪಲ್ಸಿನ ಹೊತ್ತಿನಲ್ಲಿ. ಝಡ್ ಸುಮಾರು 2.91ಕ್ಕೆ ಇಳಿದಾಗ ವಿಶ್ರಾಂತ ಸ್ಥಿತಿ ಮಾಯವಾಗಿ ಸೆಳವು ಶುರುವಾಗುತ್ತದೆ. ಆ ಕ್ಷಣದಲ್ಲಿ ಎಷ್ಟು ಜೋರಾಗಿ ತಳ್ಳಿದರೂ ಬಿದ್ದುಕೊಳ್ಳಲು ಜಾಗವೇ ಇಲ್ಲ. ಝಡ್ ಏರಿದಂತೆ ಆ ಜಾಗ ಅಗಲವಾಗುತ್ತದೆ. ಕೊನೆಗೊನೆಗೆ ಚಿಕ್ಕ ಪಲ್ಸೂ ಸಾಕು, ಆದರೆ ಆಗ ನಿಲ್ಲಿಸಿ ಉಳಿಸಿದ್ದೇನು? ಆಂದೋಲನದ ಯಾವ ಹಂತಕ್ಕೆ ಪಲ್ಸ್ ಬಿತ್ತು ಎಂಬುದೂ ಮುಖ್ಯ, ಅದಕ್ಕೇ ಒಂದು ಆವರ್ತವನ್ನು 16 ಭಾಗ ಮಾಡಿ ಪ್ರತಿ ಭಾಗದಲ್ಲೂ ಪರೀಕ್ಷಿಸುತ್ತೇನೆ. ಸೆಳವಿಗೆ ಸ್ವಲ್ಪ ಮೊದಲು ಅದೇ ಪಲ್ಸ್ ಕೊಟ್ಟರೆ ಸೆಳವನ್ನು ಕರೆದೇ ತರುತ್ತದೆ.

ಬೇಗ ನಿಲ್ಲಿಸಿದರೆ ಇನ್ನೊಂದು ಪೇಚು. ಝಡ್ ಹೆಚ್ಚು ಏರಿರದ ಕಾರಣ ಬೇಗನೆ ಮತ್ತೆ 2.91ಕ್ಕೆ ಇಳಿದು ಮುಂದಿನ ಸೆಳವು ಹತ್ತಿರವಾಗುತ್ತದೆ. ಆದ್ದರಿಂದ ಒಂದು ಸೆಳವಿನ ಉದ್ದ ಅಳೆಯುವುದು ವ್ಯರ್ಥ. ಇಡೀ ಓಟದಲ್ಲಿ ಸೆಳವಿನಲ್ಲಿ ಕಳೆದ ಒಟ್ಟು ಪಾಲನ್ನು ಜೋಡಿ ಓಟದೊಂದಿಗೆ ಹೋಲಿಸಬೇಕು. ಪಕ್ಕದ ನೋಡ್ ಆಗಲೇ ಹೊತ್ತಿಕೊಂಡಿದ್ದರೆ ಮೂಲವನ್ನಷ್ಟೇ ಆರಿಸಿ ಲಾಭ ಕಡಿಮೆ, ಆ ಪಕ್ಕದ ನೋಡ್ ಮೂಲದ ಝಡ್ ಅನ್ನು ಮತ್ತೆ ಕೆಳಗೆಳೆಯುತ್ತದೆ.

ಸೆಳವಿನ ಪತ್ತೆಗೆ 200 ಏಕಮಾನದ ಕಿಟಕಿಯಲ್ಲಿ ಲೈನ್ ಲೆಂತ್, ಅಂದರೆ ಸಂಕೇತದ ಏರಿಳಿತಗಳ ಒಟ್ಟು ಮೊತ್ತ. ಪಲ್ಸ್ ಕೊಟ್ಟ ಮೇಲೆ ಒಂದು ಕಿಟಕಿಯಷ್ಟು ಹೊತ್ತು ಪತ್ತೆಯನ್ನು ಮುಚ್ಚದಿದ್ದರೆ ಅದು ತನ್ನದೇ ಪಲ್ಸನ್ನು ಸೆಳವೆಂದು ತಿಳಿದು ಹೊಡೆಯುತ್ತಲೇ ಇರುತ್ತದೆ.

2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ, ಸೆಳವನ್ನು ಪತ್ತೆ ಮಾಡಿ ಮಿದುಳಿಗೆ ಪಲ್ಸ್ ಕೊಡುವ ಆರ್‌ಎನ್‌ಎಸ್‌ನಂಥ ಸಾಧನಗಳು ಅಂಗಾಂಶ ಕೆಡದಂತೆ ಧನ, ಋಣ ಎರಡನ್ನೂ ಸಮನಾಗಿ ಕೊಡುತ್ತವೆ. ಈ ಮಾದರಿಯಲ್ಲಿ ಎರಡು ಅರ್ಧಗಳೂ ಆವರ್ತಕ್ಕಿಂತ ತೀರಾ ಕಿರಿದಾಗಿದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ನಾನು ನಡುವೆ ಅಂತರ ಇಟ್ಟು, ಎರಡನೇ ಅರ್ಧವನ್ನು ತಗ್ಗಿಸಿ ಉದ್ದ ಮಾಡುತ್ತೇನೆ. ಒಟ್ಟು ಚಾರ್ಜ್ ಆಗಲೂ ಸೊನ್ನೆಯೇ.