ಟೆಕ್ಸಸ್‌ನ ಬೀಫ್ ಚಿಲ್ಲಿ: ಒಣಮೆಣಸಿನಕಾಯಿ ರುಬ್ಬಿ ಮಾಡುವ ಹಳೆಯ ಕ್ರಮ

ಚಿಲ್ಲಿ ಎಂದರೆ ಕೈಮಾ, ಕಾಳು ಮತ್ತು ಟೊಮೇಟೊ ಹಾಕಿ ಕುದಿಸಿದ ಕೆಂಪು ಗೊಜ್ಜು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆದರೆ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಬೆಳೆದುಬಂದ ‘ಚಿಲ್ಲಿ ಕಾನ್ ಕಾರ್ನೆ’ ಎಂಬ ಸ್ಪ್ಯಾನಿಷ್ ಹೆಸರಿಗೆ ‘ಮಾಂಸ ಬೆರೆಸಿದ ಮೆಣಸಿನಕಾಯಿ’ ಎಂದಷ್ಟೇ ಅರ್ಥ. ಇದರಲ್ಲಿ ಮೊದಲ ಸ್ಥಾನ ಮೆಣಸಿನಕಾಯಿಯದು ಎಂಬುದನ್ನು ಅಡುಗೆಗೆ ಇಳಿಯುವ ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಡಬ್ಬಿಯ ಪುಡಿಯನ್ನು ಬದಿಗಿಟ್ಟು, ಇಡೀ ಒಣಮೆಣಸಿನಕಾಯಿಗಳನ್ನು ಹುರಿದು, ನೆನೆಸಿ, ರುಬ್ಬಿಕೊಂಡರೆ ಮಾತ್ರ ಈ ಅಡುಗೆಯ ನಿಜವಾದ ರುಚಿ ಸಿಗುತ್ತದೆ ಎಂಬುದು ನನ್ನ ದೃಢ ನಂಬಿಕೆ.

19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದ ಚೌಕಗಳಲ್ಲಿ, ‘ಚಿಲ್ಲಿ ಕ್ವೀನ್ಸ್’ ಎಂದು ಹೆಸರಾದ ಮೆಕ್ಸಿಕನ್ ಮೂಲದ ಮಹಿಳೆಯರು ಸಂಜೆಯ ಹೊತ್ತಿಗೆ ಮೇಜು ಹಾಕಿ, ಲಾಟೀನು ಹಚ್ಚಿ, ಬಿಸಿ ಚಿಲ್ಲಿಯನ್ನು ಮಾರುತ್ತಿದ್ದರು. 1893ರಲ್ಲಿ ಶಿಕಾಗೋದಲ್ಲಿ ನಡೆದ ವಿಶ್ವ ಮೇಳದಲ್ಲಿ ಸ್ಯಾನ್ ಆಂಟೋನಿಯೊ ಚಿಲ್ಲಿಯ ಮಳಿಗೆಯೊಂದು ತೆರೆದ ಮೇಲೆ ಇದರ ರುಚಿ ದೂರದ ಊರುಗಳವರಿಗೂ ತಿಳಿಯಿತು. 1977ರಲ್ಲಿ ಟೆಕ್ಸಸ್ ಶಾಸನಸಭೆ ಇದನ್ನೇ ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು.

ಆರು ಜನರಿಗೆ ಸಾಲುವಷ್ಟು ಮಾಡಲು ಒಂದೂಕಾಲು ಕಿಲೋ ದನದ ಮಾಂಸ ಬೇಕು. ಅದು ‘ಚಕ್’ ಎಂದು ಕರೆಯುವ ಭುಜದ ಭಾಗದ್ದಾಗಿರಬೇಕು. ಹೆಚ್ಚು ಓಡಾಡುವ ಈ ಭಾಗದಲ್ಲಿ ಕೊಬ್ಬೂ ಬಿಳಿಯ ನಾರೂ ಧಾರಾಳವಾಗಿರುತ್ತವೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದಾಗ ಆ ನಾರಿನಲ್ಲಿರುವ ಕೊಲಾಜೆನ್ ಕರಗಿ ಜೆಲಟಿನ್ ಆಗಿ, ರಸಕ್ಕೆ ತುಟಿಗೆ ಅಂಟುವಂಥ ಹದ ಬರುತ್ತದೆ. ಕೊಬ್ಬಿಲ್ಲದ ಎಳೆಯ ಮಾಂಸಕ್ಕೆ ಹೆಚ್ಚು ಹಣ ಕೊಟ್ಟರೂ ಅಷ್ಟು ಹೊತ್ತು ಬೆಂದ ಮೇಲೆ ಅದು ಒಣಗಿ ನಾರುನಾರಾಗುತ್ತದೆ. ಕೈಮಾ ಬೇಡ, ಮಾಂಸವನ್ನು ಎರಡು ಸೆಂಟಿಮೀಟರ್ ಗಾತ್ರದ ತುಂಡುಗಳಾಗಿ ಕೈಯಿಂದಲೇ ಹೆಚ್ಚಿಕೊಳ್ಳಿ.

ಮೆಕ್ಸಿಕೊದ ಒಣಮೆಣಸಿನಕಾಯಿ ಬಗೆಗಳಲ್ಲಿ ಆಂಚೊ ಆರು, ಗ್ವಾಹಿಯೊ ನಾಲ್ಕು, ಆರ್ಬೋಲ್ ಎರಡು ಇದ್ದರೆ ಸಾಕು. ಹಣ್ಣಾದ ಪೊಬ್ಲಾನೊ ಕಾಯಿಯನ್ನು ಒಣಗಿಸಿದ ಆಂಚೊಗೆ ಒಣದ್ರಾಕ್ಷಿಯನ್ನು ನೆನಪಿಸುವ ಸಿಹಿ ವಾಸನೆಯಿದೆ, ಖಾರ ಕಡಿಮೆ. ಗ್ವಾಹಿಯೊ ಒಳ್ಳೆಯ ಕೆಂಪು ಬಣ್ಣ ಕೊಡುತ್ತದೆ. ಖಾರದ ಹೊಣೆ ಪುಟ್ಟ ಆರ್ಬೋಲ್‌ನದು, ಆದ್ದರಿಂದ ಖಾರವನ್ನು ಏರಿಸಲು ಅಥವಾ ಇಳಿಸಲು ಇದೊಂದರ ಲೆಕ್ಕವನ್ನು ಬದಲಿಸಿದರೆ ಸಾಕು. ತೊಟ್ಟು ಮುರಿದು, ಬೀಜ ಕೊಡವಿ, ದಪ್ಪ ತಳದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿಯಿರಿ. ಇಲ್ಲಿ ಒಂದು ಕ್ಷಣವೂ ಕಣ್ಣು ತೆಗೆಯಬಾರದು: ಚರ್ಮ ಸ್ವಲ್ಪ ಉಬ್ಬಿ, ಮೆತ್ತಗಾಗಿ, ಘಮ್ಮೆಂದ ಕೂಡಲೇ ಹೊರಗೆ ತೆಗೆಯಬೇಕು. ನಾನೊಮ್ಮೆ ಫೋನ್ ಎತ್ತಲು ಹೋಗಿ ಅರ್ಧ ನಿಮಿಷ ತಡಮಾಡಿದ್ದಕ್ಕೆ ಕಾಯಿಗಳು ಕಪ್ಪಾಗಿ, ಇಡೀ ಪಾತ್ರೆಯ ಅಡುಗೆ ಕಹಿಯಾಯಿತು. ಸಕ್ಕರೆ ಹಾಕಿದರೂ ಆ ಕಹಿ ಹೋಗಲಿಲ್ಲ. ಸುಟ್ಟ ಕಾಯಿಯನ್ನು ಎಸೆದು ಹೊಸದನ್ನು ಹುರಿಯುವುದೇ ಲೇಸು.

ಹುರಿದ ಕಾಯಿಗಳನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆರು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಹುರಿದ ಜೀರಿಗೆ, ಒಂದು ಚಿಕ್ಕ ಚಮಚ ಮೆಕ್ಸಿಕನ್ ಓರೆಗಾನೊ ಎಂಬ ಒಣ ಪರಿಮಳದ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ನೆನೆಸಿದ ನೀರನ್ನು ನಾಲಗೆಗೆ ಹಚ್ಚಿ ನೋಡಿ, ಕಹಿಯಿಲ್ಲದಿದ್ದರೆ ರುಬ್ಬಲು ಅದನ್ನೇ ಬಳಸಬಹುದು. ಚೂರುಚೂರು ಸಿಪ್ಪೆ ಬಾಯಿಗೆ ಸಿಗುವುದು ಬೇಡವೆನ್ನುವವರು ಜರಡಿಯಲ್ಲಿ ಸೋಸಿಕೊಳ್ಳಲಿ.

ಮಾಂಸಕ್ಕೆ ಉಪ್ಪು ಸವರಿ, ಒರೆಸಿ ತೇವ ತೆಗೆದು, ಕಾದ ಎಣ್ಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕಿ ಕಂದು ಬಣ್ಣ ಬರುವಂತೆ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಮಾಂಸ ಹುರಿಯುವ ಬದಲು ಬೇಯತೊಡಗುತ್ತದೆ. ಬಳಿಕ ಹೆಚ್ಚಿದ ಒಂದು ಈರುಳ್ಳಿಯನ್ನು ಅದೇ ಪಾತ್ರೆಯಲ್ಲಿ ಬಾಡಿಸಿ, ರುಬ್ಬಿದ ಮಸಾಲೆ ಹಾಕಿ, ಅದರ ಬಣ್ಣ ಗಾಢವಾಗಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಐದು ನಿಮಿಷ ಕೈಯಾಡಿಸಿ. ಮಾಂಸವನ್ನು ಹಿಂದಕ್ಕೆ ಹಾಕಿ, ಮುಕ್ಕಾಲು ಲೀಟರ್ ಮಾಂಸದ ಸಾರು ಅಥವಾ ನೀರು ಸುರಿದು, ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟು, ಒಂದೊಂದೇ ಗುಳ್ಳೆ ಏಳುವಷ್ಟು ಸಣ್ಣ ಉರಿಯಲ್ಲಿ ಎರಡರಿಂದ ಎರಡೂವರೆ ಗಂಟೆ ಬೇಯಿಸಿ. ಆಗಾಗ ತಳ ಕೆದಕುತ್ತಿರಿ, ಮೆಣಸಿನ ರುಬ್ಬು ಬೇಗ ತಳ ಹಿಡಿಯುತ್ತದೆ. ಚಮಚದ ಬೆನ್ನಿನಿಂದ ಒತ್ತಿದಾಗ ತುಂಡು ತಾನಾಗಿಯೇ ಬಿಡಿಸಿಕೊಂಡರೆ ಬೆಂದಂತೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ, ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಾದ ಮಾಸಾ ಹರೀನಾವನ್ನು ಎರಡು ಚಮಚದಷ್ಟು ತೆಗೆದುಕೊಂಡು ತಣ್ಣೀರಿನಲ್ಲಿ ಕದಡಿ ಸೇರಿಸಿದರೆ ರಸ ಗಟ್ಟಿಯಾಗುವುದಲ್ಲದೆ ಮೆಕ್ಸಿಕೊದ ಮೆಕ್ಕೆಜೋಳದ ರೊಟ್ಟಿಯಾದ ಟಾರ್ಟಿಯಾದ ಪರಿಮಳವೂ ಬರುತ್ತದೆ. ಇಳಿಸುವ ಮುನ್ನ ಒಂದು ಚಮಚ ವಿನಿಗರ್ ಹಾಕಿ ಉಪ್ಪು ನೋಡಿ.

ಕಾಳು ಹಾಕಬೇಕೆ ಎಂಬ ಪ್ರಶ್ನೆಗೆ ಟೆಕ್ಸಸ್‌ನವರ ಉತ್ತರ ಖಡಾಖಂಡಿತ. 1967ರಿಂದ ಟರ್ಲಿಂಗ್ವಾ ಎಂಬ, ಗಣಿಗಳು ಮುಚ್ಚಿದ ಮೇಲೆ ಪಾಳುಬಿದ್ದ ಹಳ್ಳಿಯಲ್ಲಿ ಚಿಲ್ಲಿ ಸ್ಪರ್ಧೆ ನಡೆದುಬಂದಿದ್ದು, ಅಲ್ಲಿನ ನಿಯಮ ಕಾಳನ್ನು ಒಪ್ಪುವುದಿಲ್ಲ. ಮನೆಯಲ್ಲಿ ತಿನ್ನುವವರಿಗೆ ಬೇಕೆನಿಸಿದರೆ ಪಿಂಟೊ ಕಾಳನ್ನು ಬೇರೆಯಾಗಿ ಬೇಯಿಸಿ ಬದಿಗಿಡುವುದು ಸರಿಯಾದ ದಾರಿ.

ಬಟ್ಟಲಿಗೆ ಬಡಿಸಿದ ಮೇಲೆ ಹಸಿ ಈರುಳ್ಳಿ, ತುರಿದ ಚೆಡ್ಡರ್ ಚೀಸ್, ಹೆಚ್ಚಿದ ಹಲಪೀನೊ ಮೆಣಸಿನಕಾಯಿ ಇವುಗಳಲ್ಲಿ ಬೇಕಾದ್ದನ್ನು ಮೇಲೆ ಉದುರಿಸಿಕೊಳ್ಳಬಹುದು; ಜೊತೆಗೆ ಉಪ್ಪು ಬಿಸ್ಕತ್ತು ಅಥವಾ ಮೆಕ್ಕೆಜೋಳದ ಬ್ರೆಡ್ ಇರಲಿ. ಆದರೆ ಮೊದಲ ತುತ್ತನ್ನು ಏನೂ ಬೆರೆಸದೆ ತಿಂದು ನೋಡಿ: ಮೊದಲು ಆಂಚೊದ ಸಿಹಿ, ನಂತರ ಜೀರಿಗೆ, ಕೊನೆಗೆ ಗಂಟಲಲ್ಲಿ ನಿಧಾನವಾಗಿ ಏರುವ ಖಾರ. ಉಳಿದುದನ್ನು ಬೇಗ ಆರಿಸಿ ಫ್ರಿಜ್‌ನಲ್ಲಿಟ್ಟರೆ ಮರುದಿನ ಮಸಾಲೆ ಮಾಂಸಕ್ಕೆ ಹಿಡಿದು ಇನ್ನೂ ರುಚಿಯಾಗಿರುತ್ತದೆ. ಮೇಲೆ ಹೆಪ್ಪುಗಟ್ಟಿದ ಕೆಂಪು ಕೊಬ್ಬಿನಲ್ಲಿ ಅರ್ಧವನ್ನು ತೆಗೆದು, ಒಂದು ಸೌಟು ನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ.