ಎಕ್ಸ್‌ಪಿ ವಹಿ: ಧಾರವಾಡದ ನಮ್ಮ ಆಟದಲ್ಲಿ ಲೆಕ್ಕ ಇಡುವ ರೀತಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂದರೆ ಒಬ್ಬರು ಕಥೆ ನಡೆಸುತ್ತ, ಉಳಿದವರು ಒಂದೊಂದು ಪಾತ್ರವಾಗಿ ಕೂತು ಆಡುವ ಆಟ. ಪಾತ್ರಗಳು ಗಳಿಸುವ ಅನುಭವದ ಅಂಕವೇ ಎಕ್ಸ್‌ಪಿ; ಅದು ಸಾಕಷ್ಟು ಕೂಡಿದಾಗ ಪಾತ್ರ ಒಂದು ಲೆವೆಲ್ ಮೇಲೇರಿ ಬಲಿಯುತ್ತದೆ. ಈ ಆಟ ಹೊಸದಾಗಿ ನಡೆಸುವವರು ಎಕ್ಸ್‌ಪಿ ಹಂಚುವಾಗ ಹೆಚ್ಚಾಗಿ ಎಡವುವುದು ಗುಣಾಕಾರದಲ್ಲಿ. ನಾನು ಧಾರವಾಡದಲ್ಲಿ ಐದು ಮಂದಿಗೆ, ಎರಡು ವಾರಕ್ಕೊಮ್ಮೆ ರವಿವಾರ, ಐದನೆಯ ಆವೃತ್ತಿಯ 2014ರ ನಿಯಮದಂತೆ ಆಟ ನಡೆಸುತ್ತೇನೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ.

ಕಪ್ಪತಗುಡ್ಡದಂಥ ಕುರುಚಲು ಗುಡ್ಡದ ಕಣಿವೆಯಲ್ಲಿ ಆರು ಗಾಬ್ಲಿನ್ (ಕುಳ್ಳ ರಾಕ್ಷಸರು), ಅವುಗಳ ಒಬ್ಬ ನಾಯಕ ದಾರಿ ಕಟ್ಟಿದ್ದಾರೆ ಎನ್ನಿ. ಸೋಲಿಸಿದರೆ ಗಾಬ್ಲಿನ್ ಒಂದಕ್ಕೆ 50 ಎಕ್ಸ್‌ಪಿ, ನಾಯಕನಿಗೆ 200. ಒಟ್ಟು 500. ಐವರಿಗೆ ಹಂಚಿದರೆ ತಲೆಗೆ 100. ಕೊಡಬೇಕಾದದ್ದು ಇಷ್ಟೇ. ಆದರೆ ಕಾಳಗ ಎಷ್ಟು ಕಠಿಣ ಎಂದು ಅಳೆಯುವಾಗ ನಿಯಮದ ಪುಸ್ತಕ ಇನ್ನೊಂದು ಹೆಜ್ಜೆ ಹೇಳುತ್ತದೆ: ಎದುರಾಳಿಗಳು 7ರಿಂದ 10 ಇದ್ದರೆ ಒಟ್ಟನ್ನು ಎರಡೂವರೆ ಪಟ್ಟು ಮಾಡಿ. ಆಗ 1250. ಎರಡನೆಯ ಲೆವೆಲ್‌ನ ಐವರಿಗೆ 1000 ದಾಟಿದರೆ ಪ್ರಾಣಾಂತಿಕ ಕಾಳಗ, ಹಾಗಾಗಿ ಇದು ಪ್ರಾಣಾಂತಿಕ. ಈ 1250 ಅಳತೆಗೆ ಮಾತ್ರ. ಅದನ್ನೇ ಹಂಚಿದರೆ ತಲೆಗೆ 250 ಹೋಗುತ್ತದೆ. ಎರಡರಿಂದ ಮೂರನೆಯ ಲೆವೆಲ್‌ಗೆ ಬೇಕಾದದ್ದು 600, ಅಂದರೆ ಇಂಥ ಮೂರು ಕಾಳಗಕ್ಕೇ ಮುಗಿಯಿತು. ಸರಿಯಾದ ಲೆಕ್ಕದಲ್ಲಿ ಆರು ಬೇಕು. ಕ್ಯಾಂಪೇನ್ (ಹಲವು ಸಲ ಕೂತು ಆಡುವ ಉದ್ದ ಕಥೆ) ಎಲ್ಲಿಯೋ ಓಡಿಹೋಯಿತು, ಹಿಡಿಯಲು ಆಗುತ್ತಿಲ್ಲ ಎನ್ನುವವರು ಮೊದಲು ಈ ಜಾಗ ನೋಡಿಕೊಳ್ಳಬೇಕು.

ಎರಡನೆಯ ತೊಡಕು ಲೆಕ್ಕದ್ದಲ್ಲ. ಯಾವುದಕ್ಕೆ ಎಕ್ಸ್‌ಪಿ ಸಿಗುತ್ತದೋ ಆಟಗಾರರು ಅದನ್ನೇ ಮಾಡುತ್ತಾರೆ. ಕೊಂದದ್ದಕ್ಕೆ ಮಾತ್ರ ಕೊಟ್ಟರೆ, ಗಾಬ್ಲಿನ್‌ಗಳ ಸೆರೆಯಲ್ಲಿದ್ದ ಕುರಿಗಾಹಿಯನ್ನು ಬಿಡಿಸಿಕೊಂಡು ಬಂದ ಮೇಲೂ "ಮಲಗಿದ್ದ ಇನ್ನೆರಡನ್ನ ಮುಗಿಸಿ ಹೋಗೂಣು" ಎನ್ನುತ್ತಾರೆ. ಅವರದು ತಪ್ಪಲ್ಲ, ವಹಿ ಅವರಿಗೆ ಹಾಗೆ ಹೇಳಿಕೊಟ್ಟಿದೆ. ಅದಕ್ಕೆ ನಾನು ಎದುರಾಳಿಯನ್ನು ದಾಟಿದರೆ ಪೂರ್ತಿ ಎಕ್ಸ್‌ಪಿ ಕೊಡುತ್ತೇನೆ. ಬಡಿದಾಡಲಿ, ಮಾತಾಡಿ ಒಪ್ಪಿಸಲಿ, ಕತ್ತಲಲ್ಲಿ ಸುತ್ತು ಹಾಕಿ ಹೋಗಲಿ, ಅದೇ 500. ಹೀಗೆ ಕೊಟ್ಟಾಗ ವಹಿಯಲ್ಲಿ ಆ ಗುಂಪಿನ ಮುಂದೆ ಒಂದು ಟಿಕ್ ಹಾಕಲೇಬೇಕು. ಇಲ್ಲದಿದ್ದರೆ ಅದೇ ಗಾಬ್ಲಿನ್‌ಗಳು ಎರಡು ಸೆಷನ್ ಬಿಟ್ಟು ಎದುರಾದಾಗ ಮತ್ತೆ ಕೊಟ್ಟುಬಿಡುತ್ತೀರಿ. ನಾಯಕ ತಪ್ಪಿಸಿಕೊಂಡು ಓಡಿದ್ದರೆ ಅವನ 200 ಬಾಕಿ. ಅವನ ಕಥೆ ಮುಗಿದ ದಿನ ಕೊಡುವುದು.

ಕಾಳಗವೇ ಇಲ್ಲದ ಕೆಲಸಕ್ಕೆ ಎಷ್ಟು? ಲಕ್ಕುಂಡಿಯ ಮುಸುಕಿನ ಬಾವಿಯ ಹಾಗೆ ಮೆಟ್ಟಿಲಿಳಿದು ಹೋಗುವ ಬಾವಿ, ಕೆಳಗೆ ನೀರಿನ ಮಟ್ಟ ಏರುವುದರೊಳಗೆ ಬಿಡಿಸಬೇಕಾದ ಒಗಟು ಎನ್ನೋಣ. ಪುಸ್ತಕದಲ್ಲಿ ಕಾಳಗದ ಕಠಿಣತೆಗೆ ಇರುವ ಪಟ್ಟಿಯನ್ನೇ ತಲೆಗೆ ಇಷ್ಟು ಎಂದು ಕೊಡಲು ಬಳಸುತ್ತೇನೆ. ಎರಡನೆಯ ಲೆವೆಲ್‌ನಲ್ಲಿ ಸುಲಭ 50, ಮಧ್ಯಮ 100, ಕಠಿಣ 150. ಒಂದೇ ಷರತ್ತು: ಸೋತರೆ ಏನಾದರೂ ಕಳೆದುಕೊಳ್ಳುವಂತಿರಬೇಕು. ಎಷ್ಟು ಹೊತ್ತಾದರೂ ಕೂತು ಬಿಡಿಸಬಹುದಾದ ಒಗಟಿಗೆ ನಾನು ಏನೂ ಕೊಡುವುದಿಲ್ಲ. ಎಲ್ಲ ಸೇರಿ ಆ ಲೆವೆಲ್‌ನಲ್ಲಿ ಒಂದು ಸೆಷನ್‌ಗೆ ತಲೆಗೆ 150ರಿಂದ 200 ಬೀಳುವಂತೆ ನೋಡಿಕೊಂಡರೆ ಮೂರು-ನಾಲ್ಕು ಸೆಷನ್‌ಗೆ ಲೆವೆಲ್ ಏರುತ್ತದೆ. ಮೂರರಿಂದ ನಾಲ್ಕಕ್ಕೆ 1800, ನಾಲ್ಕರಿಂದ ಐದಕ್ಕೆ 3800 ಬೇಕು. ಹಾಗಾಗಿ ಎದುರಾಳಿಗಳನ್ನೂ ಬೆಳೆಸುತ್ತ ಹೋಗಬೇಕು: ಓಗರ್ ಎಂಬ ದೈತ್ಯ ಒಂದಕ್ಕೆ 450.

ಚೆನ್ನಾಗಿ ಅಭಿನಯಿಸಿದವರಿಗೆ ಬೇರೆ ಎಕ್ಸ್‌ಪಿ ಕೊಡಬೇಡಿ. ದನಿ ದೊಡ್ಡದಿದ್ದವರಿಗೇ ಅದು ಹೋಗುತ್ತದೆ, ಸುಮ್ಮನೆ ಕೂತು ಯೋಚಿಸಿ ಆಡುವವರು ಒಂದು ಲೆವೆಲ್ ಹಿಂದೆ ಬೀಳುತ್ತಾರೆ. ಐದನೆಯ ಲೆವೆಲ್‌ನಲ್ಲಿ ಆ ಅಂತರ ಬಹಳ ದೊಡ್ಡದು: ಫೈಟರ್‌ಗೆ (ಕಾದಾಡುವ ಪಾತ್ರಕ್ಕೆ) ಎರಡನೆಯ ಹೊಡೆತ ಸಿಗುವುದೂ ಅಲ್ಲೇ, ಮಾಂತ್ರಿಕನಿಗೆ ಫೈರ್‌ಬಾಲ್ ಎಂಬ ಬೆಂಕಿಯ ಮಂತ್ರ ಸಿಗುವುದೂ ಅಲ್ಲೇ. ಅಭಿನಯಕ್ಕೆ ಇನ್‌ಸ್ಪಿರೇಷನ್ ಇದೆ. ನಾನು ಒಂದು ಕವಡೆ ಕೈಗಿಡುತ್ತೇನೆ. ಅದನ್ನು ಮರಳಿಸಿ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಒಬ್ಬರ ಬಳಿ ಒಂದೇ ಕವಡೆ, ಕೂಡಿಡುವಂತಿಲ್ಲ.

ಬಾರದವರ ಪ್ರಶ್ನೆಯೂ ಇದೇ ತರದ್ದು. ಇಲ್ಲಿ ಆಡುವವರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿದ್ದಾರೆ, ಸೀಗಿ ಹುಣ್ಣಿಮೆಗೆ ಊರಿಗೆ ಹೋಗುವವರಿದ್ದಾರೆ. ಬಂದವರಿಗಷ್ಟೇ ಕೊಡುವುದು ಪುಸ್ತಕದ ಸಾಮಾನ್ಯ ರೀತಿ. ನಾನು ಎಲ್ಲರಿಗೂ ಸಮನಾಗಿ ಬರೆಯುತ್ತೇನೆ. ಆದರೆ ಭಾಗಿಸುವಾಗ ಬಂದವರ ಸಂಖ್ಯೆಯಿಂದಲೇ ಭಾಗಿಸುವುದು: ನಾಲ್ವರು ಬಂದು 600 ಗಳಿಸಿದರೆ ತಲೆಗೆ 150, ಬಾರದ ಐದನೆಯವರಿಗೂ 150. ಬಂದವರ ಪಾಲು ಕಡಿಮೆಯಾಗದೆ ಇದ್ದರೆ ಯಾರೂ ತಕರಾರು ತೆಗೆಯುವುದಿಲ್ಲ.

ಕಳ್ಳತನ, ಜಾಣತನವೇ ಮುಖ್ಯವಾದ ಕಥೆಗೆ ಹಳೆಯ ನಿಯಮ ಇಂದಿಗೂ ಚಂದ. ಇದೇ ಆಟದ 1981ರ ಬೇಸಿಕ್ ಪುಸ್ತಕದಲ್ಲಿ ಹೊರಗೆ ತಂದ ಒಂದು ಬಂಗಾರದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ಕಾಳಗಕ್ಕೆ ಸಿಗುವುದು ತೀರ ಕಡಿಮೆ, ಆದ್ದರಿಂದ ಮಂದಿ ತಾವಾಗಿಯೇ ಬಡಿದಾಟ ಬಿಟ್ಟು ಚೀಲ ಹೊರುವ ದಾರಿ ಹುಡುಕುತ್ತಾರೆ. ಭಾರದ ಲೆಕ್ಕ ಬಿಟ್ಟರೆ ಮಾತ್ರ ಇದು ಕೆಡುತ್ತದೆ. ಹತ್ತು ನಾಣ್ಯಕ್ಕೆ ಒಂದು ಪೌಂಡ್ ಎಂದು ಬರೆದಿಡಿ. ಸಾವಿರ ನಾಣ್ಯ ಹೊತ್ತವನು ಬಾವಿಯ ಮೆಟ್ಟಿಲು ಓಡಿ ಹತ್ತಲಾರ. ಅಲ್ಲಿ ಎರಡನೆಯ ಲೆವೆಲ್‌ಗೆ ಕಳ್ಳನಿಗೆ 1200, ಫೈಟರ್‌ಗೆ 2000, ಮಾಂತ್ರಿಕನಿಗೆ 2500 ಬೇಕು. ಆ ಪಟ್ಟಿಯನ್ನು ಐದನೆಯ ಆವೃತ್ತಿಯ ಪಟ್ಟಿಯ ಜೊತೆ ಕಲಸಬೇಡಿ. 300ಕ್ಕೇ ಲೆವೆಲ್ ಏರುವ ಕಡೆ ನಾಣ್ಯದ ಒಂದೇ ಪೆಟ್ಟಿಗೆ ಎಲ್ಲರನ್ನೂ ಮೇಲಕ್ಕೆತ್ತಿಬಿಡುತ್ತದೆ.

ಎಕ್ಸ್‌ಪಿ ಹೇಳುವುದು ಸೆಷನ್ ಮುಗಿದ ಮೇಲೆ, ಎಲ್ಲರೆದುರು, ಯಾವುದಕ್ಕೆ ಎಷ್ಟು ಎಂದು ಓದಿ. ಲೆವೆಲ್ ಏರಿಸುವುದು ಮನೆಯಲ್ಲಿ. ಆಟದ ನಡುವೆ ಏರಿಸಲು ಬಿಟ್ಟರೆ ಮಾಂತ್ರಿಕ ಎರಡು ಹೊಸ ಮಂತ್ರ ಆರಿಸಲು ಪುಸ್ತಕ ತಿರುವುತ್ತ ಕೂಡುತ್ತಾನೆ, ಉಳಿದ ನಾಲ್ವರು ಗಿರಮಿಟ್ ತರಲು ಎದ್ದು ಹೋಗುತ್ತಾರೆ. ಭಾಗಿಸಿ ಉಳಿದ ಬಿಡಿ ಅಂಕಿಗಳನ್ನು ಮುಂದಿನ ಸೆಷನ್‌ನ ಒಟ್ಟಿಗೆ ಸೇರಿಸಿ, ಪೆನ್ಸಿಲ್‌ನಲ್ಲೇ ಬರೆಯಿರಿ.