ಬೂಟ್ ಆಗದ ವಿಂಡೋಸ್ ಅನ್ನು ಫಾರ್ಮ್ಯಾಟ್ ಮಾಡದೆ ಎಬ್ಬಿಸಿದ್ದು

ಮನೆಯ ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಬರುತ್ತಲೇ ಇರಲಿಲ್ಲ. ನೀಲಿ ಪರದೆ, ಅದರ ಮೇಲೆ ಬೂಟ್ ಕಾನ್ಫಿಗರೇಶನ್ ಡೇಟಾ ಫೈಲ್ ಇಲ್ಲ ಅನ್ನುವ ಸಾಲು, ಅಷ್ಟೆ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು, ಫಾರ್ಮ್ಯಾಟ್ ಹೊಡೆದುಬಿಡು ಅಂತ. ನನಗೆ ಸುತರಾಂ ಇಷ್ಟವಿರಲಿಲ್ಲ. ಈ ಎರರ್ ಬಂದಾಗ ಸಾಮಾನ್ಯವಾಗಿ ಕೆಟ್ಟಿರುವುದು ವಿಂಡೋಸ್ ಎಲ್ಲಿದೆ ಅಂತ ತಿಳಿಸುವ ಒಂದು ಸಣ್ಣ ಫೈಲ್. ಫೋಟೊ, ಪ್ರೋಗ್ರಾಂ, ವಿಂಡೋಸ್ ಎಲ್ಲ ಡಿಸ್ಕಿನಲ್ಲೇ ಇರುತ್ತವೆ. ಬೀಗ ಕೆಟ್ಟಿತು ಅಂತ ಮನೆ ಕೆಡವುತ್ತಾರಾ?

ಡಿಸ್ಕಿನಿಂದ ರಿಕವರಿ ಮೆನು ತೆರೆಯಲಿಲ್ಲ. ಹಾಗಾಗಿ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು 8 ಜಿಬಿ ಪೆನ್‌ಡ್ರೈವ್ ತಯಾರು ಮಾಡಿಕೊಂಡೆ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ತಗೊಳ್ಳಿ. ಅದರಿಂದ ಬೂಟ್ ಮಾಡಿದ ಮೇಲೆ ಇನ್‌ಸ್ಟಾಲ್ ಒತ್ತಬಾರದು, ರಿಪೇರ್ ಅನ್ನುವ ಆಯ್ಕೆ ಹಿಡಿಯಬೇಕು. ನನ್ನ ಡ್ರೈವ್‌ಗೆ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಹಾಕುವ ವಿಂಡೋಸಿನದೇ ಬೀಗ, ಇತ್ತು, 48 ಅಂಕಿಗಳ ಕೀ ಕೇಳಿತು. ಫೋನಿನಲ್ಲಿ ಮೈಕ್ರೋಸಾಫ್ಟ್ ಖಾತೆ ತೆರೆದು ನೋಡಿ ಹಾಕಿದೆ. ಆ ಕೀ ಇಲ್ಲದೆ ಒಳಗೆ ಇಣುಕಲೂ ಆಗುವುದಿಲ್ಲ, ಕಂಪ್ಯೂಟರ್ ಚೆನ್ನಾಗಿರುವಾಗಲೇ ಕಾಗದದಲ್ಲಿ ಬರೆದಿಡಿ.

ರಿಪೇರಿಗೂ ಮೊದಲು ಫೈಲ್‌ಗಳನ್ನು ಹೊರಗೆ ತೆಗೆಯಬೇಕು, ಇದನ್ನು ಮಾತ್ರ ನಾನು ಯಾರಿಗಾದರೂ ಒತ್ತಿ ಹೇಳುತ್ತೇನೆ. ಆ ರಿಪೇರ್ ಮೆನುವಿನಲ್ಲೇ ಸಿಗುವ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಯಲ್ಲಿ, ನೋಟ್‌ಪ್ಯಾಡ್ ಅಂತ ಟೈಪ್ ಮಾಡಿದರೆ ನೋಟ್‌ಪ್ಯಾಡ್ ತೆರೆಯುತ್ತದೆ, ಅದರಲ್ಲಿ ಫೈಲ್, ಓಪನ್ ಒತ್ತಿ ಕೆಳಗೆ ಆಲ್ ಫೈಲ್ಸ್ ಆರಿಸಿದರೆ ಆ ಪುಟ್ಟ ವಿಂಡೋದಲ್ಲೇ ಇಡೀ ಡಿಸ್ಕ್ ಕಾಣುತ್ತದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ, ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಿ ಪೇಸ್ಟ್. ಎಷ್ಟು ಕಾಪಿ ಆಯಿತು ಅಂತ ತೋರಿಸುವುದಿಲ್ಲ, ಹ್ಯಾಂಗ್ ಆದ ಹಾಗೆ ಕಾಣುತ್ತದೆ. ಸುಮ್ನೆ ಕಾಯಿರಿ. ಡ್ರೈವ್ ಅಕ್ಷರಗಳೂ ಇಲ್ಲಿ ಬದಲಾಗಿರಬಹುದು, ನಿಮ್ಮ ಸಿ ಡ್ರೈವ್ ಡಿ ಆಗಿ ಕೂತಿರುತ್ತದೆ, ಒಳಗೆ ವಿಂಡೋಸ್ ಫೋಲ್ಡರ್ ಇದೆಯಾ ಅಂತ ನೋಡಿಕೊಂಡೇ ಮುಂದೆ ಹೋಗಿ.

ಅದೇ ಮೆನುವಿನ ಸ್ಟಾರ್ಟಪ್ ರಿಪೇರ್ ಓಡಿಸಿದೆ, ಕೈಚೆಲ್ಲಿತು. ಬೂಟ್ ಸರಿಮಾಡುವ ಬೂಟ್‌ರೆಕ್ ಕಮಾಂಡಿನ ಫಿಕ್ಸ್‌ಬೂಟ್, ಹಳೆಯ ಬಯೋಸ್ ಬದಲು ಯುಇಎಫ್‌ಐ ಇರುವ ಈಗಿನ ಕಂಪ್ಯೂಟರ್‌ಗಳಲ್ಲಿ ಎಷ್ಟೋ ಸಲ ಆಕ್ಸೆಸ್ ಡಿನೈಡ್ ಅಂತ ನಿಂತುಬಿಡುತ್ತದೆ, ಅದಕ್ಕೆ ಅದರ ಗೊಡವೆಗೆ ಹೋಗಲಿಲ್ಲ. ಡಿಸ್ಕಿನ ಭಾಗಗಳನ್ನು ನೋಡಿಕೊಳ್ಳುವ ಡಿಸ್ಕ್‌ಪಾರ್ಟ್ ಅನ್ನುವ ಕಮಾಂಡಿನಲ್ಲಿ ಲಿಸ್ಟ್ ವಾಲ್ಯೂಮ್ ಕೊಟ್ಟೆ. ಫ್ಯಾಟ್32 ಅಂತ ಬರೆದಿದ್ದ 100 ಎಂಬಿಯ ಸಣ್ಣ ಭಾಗ ಕಾಣಿಸಿತು, ಬೂಟ್ ಫೈಲ್‌ಗಳು ಇರುವುದು ಅಲ್ಲೇ. ಅದನ್ನು ಸೆಲೆಕ್ಟ್ ಮಾಡಿ ಎಸ್ ಅಂತ ಡ್ರೈವ್ ಅಕ್ಷರ ಕೊಟ್ಟು, ಡಿಸ್ಕ್‌ಪಾರ್ಟ್‌ನಿಂದ ಹೊರಬಂದು, ಬೂಟ್ ಫೈಲ್‌ಗಳನ್ನು ಹೊಸದಾಗಿ ಬರೆಯುವ ಬಿಸಿಡಿಬೂಟ್ ಕಮಾಂಡಿಗೆ ವಿಂಡೋಸ್ ಫೋಲ್ಡರ್ ಎಲ್ಲಿದೆ, ಫೈಲ್‌ಗಳನ್ನು ಎಲ್ಲಿ ಬರೆಯಬೇಕು ಅನ್ನುವುದನ್ನು ಹೇಳಿದೆ. ಬೂಟ್ ಫೈಲ್ಸ್ ಸಕ್ಸಸ್‌ಫುಲಿ ಕ್ರಿಯೇಟೆಡ್ ಅಂತ ಬಂತು. ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದೆ, ಡೆಸ್ಕ್‌ಟಾಪ್ ಇದ್ದ ಹಾಗೇ ಬಂತು. ಆ ಖುಷಿಯೇ ಬೇರೆ!

ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿ ಸಿಸ್ಟಂ ಫೈಲ್‌ಗಳನ್ನು ಪರೀಕ್ಷಿಸಿದೆ, ಸಿಸ್ಟಂ ಪ್ರೊಟೆಕ್ಷನ್ ಆನ್ ಮಾಡಿ ಒಂದು ರಿಸ್ಟೋರ್ ಪಾಯಿಂಟ್, ಅಂದರೆ ಬೇಕಾದಾಗ ಸಿಸ್ಟಂ ಅನ್ನು ಹಿಂದಿನ ಸ್ಥಿತಿಗೆ ತರುವ ಗುರುತು, ಇಟ್ಟೆ. ಹಾರ್ಡ್ ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಮಾತ್ರ ಇದ್ಯಾವುದೂ ಬೇಡ. ಅಲ್ಲಿ ತೊಂದರೆ ಇರುವುದು ಡಿಸ್ಕಿನಲ್ಲೇ, ಓಡಿಸಿದಷ್ಟೂ ಡೇಟಾ ಜಾಸ್ತಿ ಹಾಳಾಗುತ್ತದೆ. ತಕ್ಷಣ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.